ಮೆಕ್ಕೆಜೋಳದ ಹೊಲಗಳ ನಡುವೆ ಒಂದು ಗರಡಿಯೂರು

ತೈ ಚಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬೆಳಗಿನ ಪಾರ್ಕಿನಲ್ಲಿ ನಿಧಾನವಾಗಿ ಕೈ ಬೀಸುವ ನಿವೃತ್ತರು. ಮಂಡಿಗೆ ಒಳ್ಳೆಯದು, ಬಿ.ಪಿ.ಗೆ ಒಳ್ಳೆಯದು ಎಂದು ಡಾಕ್ಟರುಗಳೂ ಶಿಫಾರಸು ಮಾಡುತ್ತಾರೆ. ಅದೇ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಚೀನಾದ ಚೆನ್‌ಜಿಯಾಗೌ ಹಳ್ಳಿಗೆ ಹೋದವರು ತಬ್ಬಿಬ್ಬಾಗುತ್ತಾರೆ. ಅಲ್ಲಿನ ಹುಡುಗರು ನೆಲ ಅದುರುವಂತೆ ಕಾಲು ಅಪ್ಪಳಿಸುತ್ತಾರೆ. ಅಷ್ಟು ಹೊತ್ತೂ ಮೆಲ್ಲಗೆ ಸುತ್ತುತ್ತಿದ್ದ ಮೊಣಕೈ ಹೇಳದೆ ಕೇಳದೆ ಸಿಡಿಯುತ್ತದೆ, ಅಂಗಿಯ ತೋಳು ಪಟ್ಟೆಂದು ಸದ್ದು ಮಾಡುತ್ತದೆ, ಮರುಕ್ಷಣ ಮತ್ತೆ ಅದೇ ನಿಧಾನ. ಇದೂ ತೈ ಚಿಯೇ. ಮೂಲದ ತೈ ಚಿ ಇದೇ ಎಂದು ಊರಿನವರ ವಾದ. ವಾದದಲ್ಲಿ ಹುರುಳಿದೆ.

ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿ, ಹಳದಿ ನದಿಯ ಉತ್ತರ ದಂಡೆಯ ಬಯಲಿನಲ್ಲಿ ಈ ಊರಿದೆ. ಪ್ರಾಂತ್ಯದ ರಾಜಧಾನಿ ಝೆಂಗ್‌ಝೌನಿಂದ ನದಿ ದಾಟಿ ರಸ್ತೆಯಲ್ಲಿ ಒಂದೆರಡು ತಾಸಿನ ಹಾದಿ. ಬೇಸಿಗೆಯಲ್ಲಿ ಮೆಕ್ಕೆಜೋಳ, ಚಳಿಗಾಲದಲ್ಲಿ ಗೋಧಿ. ಜತೆಗೆ ಈ ಸೀಮೆಗೇ ಹೆಸರು ತಂದ ‘ಕಬ್ಬಿಣದ ಕೋಲು’ ಎಂಬ ತೆಳ್ಳಗಿನ ಗೆಣಸು. ಚೀನೀ ವೈದ್ಯರು ಇದನ್ನು ಔಷಧಿಯ ಲೆಕ್ಕಕ್ಕೇ ಸೇರಿಸಿದ್ದಾರೆ. ನೆಲ ಹಳದಿ ಮೆಕ್ಕಲು ಮಣ್ಣಿನದು, ನೀರು ಹರಿದಲ್ಲೆಲ್ಲ ಆಳಕ್ಕೆ ಕೊರೆದುಕೊಳ್ಳುತ್ತದೆ. ಹಾಗೆ ಬಿದ್ದ ಕೊರಕಲುಗಳ ಅಂಚಿನಲ್ಲೇ ಊರು ಬೆಳೆಯಿತು. ಹೆಸರೂ ಅದೇ: ಚೆನ್ ಮನೆತನದವರ ಕೊರಕಲು.

ಮನೆತನದ ಮೂಲಪುರುಷ ಚೆನ್ ಬು. 1372ರಲ್ಲಿ, ಮಿಂಗ್ ದೊರೆತನ ಶುರುವಾದ ಹೊಸತರಲ್ಲಿ, ಪಕ್ಕದ ಶಾನ್‌ಶಿ ಪ್ರಾಂತ್ಯದಿಂದ ವಲಸೆ ಬಂದವನು. ಯುದ್ಧದಿಂದ ಜನ ಕಡಿಮೆಯಾಗಿದ್ದ ಹೆನಾನಿಗೆ ಸರ್ಕಾರವೇ ಒಕ್ಕಲುಗಳನ್ನು ಎಬ್ಬಿಸಿ ಕಳಿಸಿದ ಕಾಲ ಅದು. ಹೊಸ ನೆಲ, ಕಳ್ಳಕಾಕರ ಕಾಟ. ಉಳುವವನಿಗೆ ಹೊಡೆದಾಡುವುದೂ ಗೊತ್ತಿರಬೇಕಿತ್ತು. ಒಂಬತ್ತನೇ ತಲೆಮಾರಿನ ಚೆನ್ ವಾಂಗ್‌ಟಿಂಗ್ (1600–1680) ಸೇನೆಯ ಕಸುಬಿನವನು. 1644ರಲ್ಲಿ ಮಿಂಗ್ ದೊರೆತನ ಬಿದ್ದಮೇಲೆ ಊರಿಗೆ ಬಂದು ಕೂತ. ಹೊಲದ ಕೆಲಸವಿದ್ದಾಗ ಹೊಲ, ಬೇಸರವಾದಾಗ ಹೊಸ ವರಸೆಗಳ ಯೋಚನೆ, ಬಿಡುವಿನಲ್ಲಿ ಮಕ್ಕಳು ಮೊಮ್ಮಕ್ಕಳಿಗೆ ಪಾಠ. ಮುಪ್ಪಿನ ದಿನಚರಿ ಹೀಗಿತ್ತೆಂದು ಅವನದೆನ್ನುವ ಒಂದು ಪದ್ಯದಿಂದ ತಿಳಿಯುತ್ತದೆ.

ಅವನು ಏನನ್ನೂ ಶೂನ್ಯದಿಂದ ಸೃಷ್ಟಿಸಲಿಲ್ಲ. ಹದಿನಾರನೇ ಶತಮಾನದ ದಂಡನಾಯಕ ಚಿ ಜಿಗುವಾಂಗ್ ತನ್ನ ಸೈನಿಕರಿಗಾಗಿ ಊರೂರಿನ ಮುಷ್ಟಿಯುದ್ಧಗಳಿಂದ 32 ಭಂಗಿಗಳನ್ನು ಆಯ್ದು ಪುಸ್ತಕ ಮಾಡಿದ್ದ. ಅವುಗಳಲ್ಲಿ 29 ಚೆನ್ ಮನೆತನದ ವರಸೆಗಳಲ್ಲಿ ಕಾಣುತ್ತವೆ. ವಾಂಗ್‌ಟಿಂಗ್ ಅದಕ್ಕೆ ತಾವೊ ಪಂಥದ ಉಸಿರಾಟದ ಕ್ರಮವನ್ನೂ, ದೇಹದೊಳಗೆ ಶಕ್ತಿಯ ಹರಿದಾಟದ ಬಗ್ಗೆ ವೈದ್ಯರು ಹೇಳುತ್ತಿದ್ದುದನ್ನೂ ಬೆಸೆದ. ದಂಡಿನ ಹೊಡೆದಾಟಕ್ಕೂ ಕಣ್ಣು ಮುಚ್ಚಿ ಕೂರುವ ಸಾಧನೆಗೂ ಗಂಟು ಹಾಕಿದ್ದೇ ಅವನ ಹೊಸತನ.

ಇಷ್ಟನ್ನು ಹೊರಗೆಳೆದವನು ತಾಂಗ್ ಹಾವೊ ಎಂಬ ಇತಿಹಾಸಕಾರ. 1930ರ ದಶಕದ ಆರಂಭದಲ್ಲಿ ಚೆನ್‌ಜಿಯಾಗೌಗೇ ಬಂದು ವಂಶಾವಳಿಗಳನ್ನು ತಿರುವಿ ಹಾಕಿದ. ಅದುವರೆಗೆ ತೈ ಚಿ ಎಂದರೆ ವುದಾಂಗ್ ಬೆಟ್ಟದ ಚಿರಂಜೀವಿ ಸನ್ಯಾಸಿ ಝಾಂಗ್ ಸಾನ್‌ಫೆಂಗನ ಕಾಣಿಕೆ ಎಂದೇ ಜನ ನಂಬಿದ್ದರು. ಆಧಾರವಿಲ್ಲ ಎಂದು ತಾಂಗ್ ಹಾವೊ ಬರೆದ. ನಮ್ಮವರಿಗೆ ಕಹಿಯಾಗುವ ಮಾತನ್ನೂ ಅವನೇ ಬರೆದ: ಶಾವೊಲಿನ್ ಮಠದ ಕುಂಗ್ ಫುವನ್ನು ಭಾರತದಿಂದ ಹೋದ ಬೋಧಿಧರ್ಮ ಕಲಿಸಿದನೆಂಬುದಕ್ಕೂ ಆಧಾರವಿಲ್ಲ. ಕುಂಗ್ ಫು ನಮ್ಮದೇ ಎಂದು ವಾಟ್ಸ್ಆ್ಯಪಿನಲ್ಲಿ ಬೀಗುವವರು ತಾಂಗ್ ಹಾವೊನನ್ನು ಒಮ್ಮೆ ಓದಬಹುದು. ಆ ಬರಹಕ್ಕಾಗಿ ಅವನು ತನ್ನ ದೇಶದಲ್ಲೇ ಬೈಸಿಕೊಂಡ.

ವಿದ್ಯೆ ಮನೆತನ ಬಿಟ್ಟು ಹೊರಗೆ ಹೋಗಬಾರದೆಂಬ ಕಟ್ಟು ಬಹುಕಾಲ ಇತ್ತು. ಹೆಣ್ಣುಮಕ್ಕಳಿಗೂ ಹೇಳಿಕೊಡುತ್ತಿರಲಿಲ್ಲವಂತೆ, ಮದುವೆಯಾಗಿ ಬೇರೆ ಮನೆ ಸೇರುತ್ತಾರಲ್ಲ. ಕಟ್ಟು ಮುರಿದದ್ದು ಹದಿನಾಲ್ಕನೇ ತಲೆಮಾರಿನ ಚೆನ್ ಚಾಂಗ್‌ಶಿಂಗ್ (1771–1853) ಕಾಲಕ್ಕೆ. ಅವನು ನಿಂತರೆ ಎಷ್ಟು ನೆಟ್ಟಗಿರುತ್ತಿದ್ದನೆಂದರೆ, ಪೂಜೆಗಿಟ್ಟ ಹಿರಿಯರ ಹೆಸರಿನ ಹಲಗೆಯೇ ಎದ್ದು ಬಂದಂತೆ ಎಂದು ಜನ ‘ಹಲಗೆ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಅವನ ಬಳಿಗೆ ಹೆಬೈ ಪ್ರಾಂತ್ಯದಿಂದ ಬಂದ ಬಡ ಹುಡುಗ ಯಾಂಗ್ ಲುಚಾನ್. ರಾತ್ರಿ ಗೋಡೆಯ ಬಿರುಕಿನಲ್ಲಿ ಇಣುಕಿ ನೋಡಿ ಕಲಿತ, ಸಿಕ್ಕಿಬಿದ್ದ, ಗುರು ಮೆಚ್ಚಿ ಶಿಷ್ಯನಾಗಿ ತೆಗೆದುಕೊಂಡ ಎಂಬುದು ಪ್ರಸಿದ್ಧ ಕಥೆ. ನನಗೆ ಈ ಕಥೆಯ ಮೇಲೆ ಅಷ್ಟು ನಂಬಿಕೆಯಿಲ್ಲ. ಇಣುಕಿ ನೋಡಿ ಕಲಿಯುವ ವಿದ್ಯೆ ಇದಲ್ಲ, ಯಾಕೆಂದು ಮುಂದೆ ಹೇಳುತ್ತೇನೆ. ಅವನು ಇಲ್ಲಿ ವರ್ಷಗಟ್ಟಲೆ ಇದ್ದು ಕಲಿತದ್ದಂತೂ ನಿಜ. ಕಲಿತ ಅಂಗಳವನ್ನು ಇವತ್ತಿಗೂ ತೋರಿಸುತ್ತಾರೆ.

ಯಾಂಗ್ ಮುಂದೆ ಬೀಜಿಂಗಿಗೆ ಹೋಗಿ ಮಂಚು ಶ್ರೀಮಂತರಿಗೆ ಗುರುವಾದ. ಅವನ ಮನೆತನದ ಕೈಯಲ್ಲಿ ಕಾಲು ಅಪ್ಪಳಿಸುವುದು, ನೆಗೆಯುವುದು, ಸಿಡಿಯುವುದು ಒಂದೊಂದಾಗಿ ಸವೆದು ಹೋಗಿ ಒಂದೇ ವೇಗದ, ಮೆದುವಾದ ತೈ ಚಿ ಮೂಡಿತು. 1956ರಲ್ಲಿ ಚೀನಾದ ಕ್ರೀಡಾ ಇಲಾಖೆ ಅದನ್ನು 24 ಭಂಗಿಗಳಿಗೆ ಇಳಿಸಿ ಎಲ್ಲರಿಗೂ ಹಂಚಿತು. ನಮ್ಮ ಪಾರ್ಕುಗಳಿಗೆ ಬಂದದ್ದು ಹೆಚ್ಚಾಗಿ ಈ ಯಾಂಗ್ ಕವಲಿನದೇ. ಮಗಳು ಲೋಕಪ್ರಸಿದ್ಧಳಾದಳು, ತವರಿನ ಹೆಸರು ಯಾರಿಗೂ ಗೊತ್ತಿರಲಿಲ್ಲ.

ತವರಿಗೆ ಬಂದ ಕಷ್ಟಗಳು ಒಂದೆರಡಲ್ಲ. ಹದಿನಾರನೇ ತಲೆಮಾರಿನ ಚೆನ್ ಶಿನ್ (1849–1929) ಅಪ್ಪನ ಮಾತಿನಂತೆ ಗರಡಿ ಬಿಟ್ಟು ಓದಿಗೆ ಕೂತವನು. ವಿದ್ಯೆ ಕಣ್ಣೆದುರೇ ಕರಗುತ್ತಿದೆ ಎನಿಸಿದಾಗ ಮುದಿವಯಸ್ಸಿನಲ್ಲಿ, 1908ರಿಂದ 1919ರವರೆಗೆ, ವರಸೆ ವರಸೆಗೂ ಚಿತ್ರ ಬರೆದು ವಿವರಣೆ ಬರೆದ. ಅಚ್ಚು ಹಾಕಿಸಲು ಕಾಸಿಲ್ಲ. ತಕ್ಕವರು ಸಿಕ್ಕರೆ ದಾಟಿಸು, ಇಲ್ಲದಿದ್ದರೆ ಸುಟ್ಟುಬಿಡು ಎಂದು ಅಣ್ಣನ ಮಗನ ಕೈಗೆ ಹಸ್ತಪ್ರತಿ ಒಪ್ಪಿಸಿದನಂತೆ. ಪುಸ್ತಕ ಹೊರಬಂದದ್ದು 1933ರಲ್ಲಿ, ಅವನು ತೀರಿಹೋಗಿ ನಾಲ್ಕು ವರ್ಷದ ಮೇಲೆ.

ಅಷ್ಟರಲ್ಲಿ ಬರಗಾಲ ಹೆನಾನನ್ನು ಹಿಂಡಿತ್ತು. 1928ರ ಸುಮಾರಿಗೆ ಚೆನ್ ಝಾವೊಪಿ ಊರು ಬಿಟ್ಟು ಬೀಜಿಂಗಿಗೆ ಹೋದ. ಅಲ್ಲಿ ಕಟ್ಟೆ ಹಾಕಿಸಿ ಹದಿನೇಳು ದಿನ ಬಂದವರನ್ನೆಲ್ಲ ಎದುರಿಸಿದ ಎಂಬುದು ಮನೆತನದವರು ಇಂದಿಗೂ ಹೆಮ್ಮೆಯಿಂದ ಹೇಳುವ ಮಾತು. ಅವನು ನಾನ್‌ಜಿಂಗಿಗೆ ಹೊರಟಾಗ ಬೀಜಿಂಗಿನ ಶಿಷ್ಯರನ್ನು ನೋಡಿಕೊಂಡವನು ಚಿಕ್ಕಪ್ಪನ ಸಂಬಂಧದ ಚೆನ್ ಫಾಕೆ (1887–1957). ಫಾಕೆ ಮತ್ತೆ ಊರಿಗೆ ಬಂದು ನೆಲೆಸಲೇ ಇಲ್ಲ. ಒಳ್ಳೆಯ ಗುರುಗಳೆಲ್ಲ ಹೊಟ್ಟೆಪಾಡಿಗೆ ಪಟ್ಟಣ ಸೇರಿದರು, ಉಳಿದವರು ಹಸಿದಿದ್ದರು. ಹಸಿದ ಹೊಟ್ಟೆಯಲ್ಲಿ ಯಾರು ಸಾಮು ಮಾಡುತ್ತಾರೆ?

ಊರಿನ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದಿದ್ದುದಕ್ಕೆ ಕಾರಣ ಅದೇ ಝಾವೊಪಿ. ಹಳದಿ ನದಿ ನಿರ್ವಹಣೆಯ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾಗಿ 1958ರಲ್ಲಿ ಊರಿಗೆ ಬಂದ. ಆಗ ಅವನಿಗೆ ಅರವತ್ತೈದು. ಹುಡುಗರಿಗೆ ಹೇಳಿಕೊಡುವವರೇ ಇರಲಿಲ್ಲ. ಪಟ್ಟಣದಲ್ಲಿ ಆರಾಮಾಗಿ ಪಿಂಚಣಿ ತಿನ್ನಬಹುದಾಗಿದ್ದ ಮುದುಕ ತನ್ನ ಮನೆಯಲ್ಲೇ ಪಾಠ ಶುರುಮಾಡಿದ. ಆ ಬೆನ್ನಿಗೇ ಬಂದದ್ದು ಮಹಾ ಕ್ಷಾಮ, ಹೆನಾನ್ ಅತಿ ಹೆಚ್ಚು ನರಳಿದ ಪ್ರಾಂತ್ಯಗಳಲ್ಲಿ ಒಂದು. ನಂತರ ಸಾಂಸ್ಕೃತಿಕ ಕ್ರಾಂತಿ: ಹಳೆಯದೆಲ್ಲ ಅಪರಾಧವಾದ ಕಾಲ. ಝಾವೊಪಿಯನ್ನು ಜನರೆದುರು ನಿಲ್ಲಿಸಿ ಅವಮಾನಿಸಿದರು. ತಾಳಲಾರದೆ ಬಾವಿಗೆ ಹಾರಿದ, ಬದುಕುಳಿದ, ಕಾಲಿಗಾದ ಪೆಟ್ಟು ಬಹಳ ದಿನ ಕಾಡಿತು ಎಂದು ಶಿಷ್ಯರು ಹೇಳುತ್ತಾರೆ. ಆಮೇಲೂ ರಾತ್ರಿ ಹೊತ್ತು ಕದ್ದುಮುಚ್ಚಿ ಪಾಠ ನಡೆಯಿತು. 1972ರಲ್ಲಿ ಅವನು ತೀರಿಕೊಂಡಾಗ ನಾಲ್ವರು ಯುವಕರು ತಯಾರಾಗಿದ್ದರು: ಚೆನ್ ಶಿಯಾವೊವಾಂಗ್, ಚೆನ್ ಝೆಂಗ್‌ಲೈ, ವಾಂಗ್ ಶಿಆನ್, ಝು ತಿಯಾನ್‌ತ್ಸಾಯ್. ಇಬ್ಬರು ಚೆನ್‌ಗಳು, ಇಬ್ಬರು ಚೆನ್ ಅಲ್ಲದವರು. ಮನೆತನದ ಕಟ್ಟು ಅಷ್ಟರಮಟ್ಟಿಗೆ ಸಡಿಲವಾಗಿತ್ತು. ಇಂದು ಜಗತ್ತಿನಾದ್ಯಂತ ಚೆನ್ ಶೈಲಿ ಕಲಿಯುವವರಲ್ಲಿ ಬಹುಪಾಲು ಜನರ ಗುರುಪರಂಪರೆ ಈ ನಾಲ್ವರಲ್ಲಿ ಒಬ್ಬರನ್ನು ಮುಟ್ಟುತ್ತದೆ.

ಮರುವರ್ಷ ಒಂದು ಸ್ವಾರಸ್ಯ ನಡೆಯಿತು. ಫಾಕೆಯ ಮಗ ಚೆನ್ ಝಾವೊಕುಯಿಯನ್ನು ಬೀಜಿಂಗಿನಿಂದ ಕರೆಸಿಕೊಂಡರು. ಅವನು ಅಪ್ಪನಿಂದ ಕಲಿತದ್ದನ್ನು ಮಾಡಿ ತೋರಿಸಿದರೆ ಊರಿನವರು ಬಾಯಿಬಿಟ್ಟು ನೋಡಿದರು. ಸೊಂಟದ ತಿರುವು ಜಾಸ್ತಿ, ಮಣಿಕಟ್ಟಿನ ಸುತ್ತು ಜಾಸ್ತಿ, ಸಿಡಿತವೂ ಜಾಸ್ತಿ. ಇದು ನಮ್ಮದಲ್ಲ ಎಂದರು ಕೆಲವರು. ತಾವು ಮಾಡುತ್ತಿದ್ದುದಕ್ಕೆ ‘ಹಳೆಯ ಚೌಕಟ್ಟು’ ಎಂದೂ ಇದಕ್ಕೆ ‘ಹೊಸ ಚೌಕಟ್ಟು’ ಎಂದೂ ಹೆಸರಿಟ್ಟು, ಕೊನೆಗೆ ಎರಡನ್ನೂ ಕಲಿತರು. ಪರಂಪರೆ ಎಂದರೆ ಅಕ್ಷರ ತಪ್ಪದ ಪಾಠ ಎಂದುಕೊಂಡವರಿಗೆ ಈ ಊರು ಒಗ್ಗುವುದಿಲ್ಲ. ಒಂದೇ ಮನೆತನದ ಒಂದೇ ವಿದ್ಯೆ ನಲವತ್ತೈದು ವರ್ಷ ದೂರವಿದ್ದು ಬಂದರೆ ಗುರುತೇ ಸಿಗದಷ್ಟು ಬದಲಾಗಿರುತ್ತದೆ. ಎರಡೂ ಅಸಲಿಯೇ.

ಈಗ ಇಣುಕಿ ನೋಡುವ ವಿಷಯಕ್ಕೆ ಬರೋಣ. ಹೊಸಬನಿಗೆ ಮೊದಲು ಕಲಿಸುವುದು ಸುಮ್ಮನೆ ನಿಲ್ಲುವುದನ್ನು. ಕಾಲು ಭುಜದಗಲ, ಮಂಡಿ ತುಸು ಬಾಗಿ, ಕೈಗಳು ಎದೆಯ ಮುಂದೆ ದುಂಡಗೆ. ಐದು ನಿಮಿಷಕ್ಕೆ ಭುಜ ಉರಿಯುತ್ತದೆ, ಹತ್ತಕ್ಕೆ ತೊಡೆ ನಡುಗುತ್ತದೆ. ಆಗ ಗುರು ಬಂದು ಒಂದು ಅಂಗೈ ಬೆನ್ನ ಕೆಳಗೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟು ಸೊಂಟವನ್ನು ಎರಡು ಬೆರಳಿನಷ್ಟು ಕೆಳಗೆ ಕೂರಿಸುತ್ತಾನೆ. ನೋಡುವವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ನಿಂತವನಿಗೆ ಮಾತ್ರ ಮೈಯ ಭಾರವೆಲ್ಲ ಒಮ್ಮೆಲೇ ತೊಡೆಗೆ ಇಳಿದು ಕಣ್ಣಲ್ಲಿ ನೀರು ಬರುತ್ತದೆ. ತೊಡೆಸಂದು ಸಡಿಲ ಬಿಡು, ಇನ್ನೂ ಬಿಡು ಎನ್ನುವುದು ಇಲ್ಲಿನ ಅಂಗಳಗಳಲ್ಲಿ ದಿನವಿಡೀ ಕೇಳುವ ಮಾತು. ಆ ಎರಡು ಬೆರಳಿನ ಇಳಿತ ಪುಸ್ತಕದಲ್ಲಿಲ್ಲ, ವಿಡಿಯೊದಲ್ಲಿಲ್ಲ, ಗೋಡೆಯ ಬಿರುಕಿನಲ್ಲೂ ಕಾಣುವುದಿಲ್ಲ. ಚೆನ್ ಶಿನ್‌ನ ಪುಸ್ತಕ ಕಪಾಟಿನಲ್ಲಿದ್ದೂ ಊರಿಗೆ ಝಾವೊಪಿ ಬೇಕಾದದ್ದು ಇದಕ್ಕೇ.

ನಂತರ ‘ರೇಷ್ಮೆ ನೂಲು ತೆಗೆಯುವ’ ಸುತ್ತುಗಳು. ಗೂಡಿನಿಂದ ನೂಲು ಬಿಚ್ಚುವವರು ಜಗ್ಗಿದರೆ ತುಂಡಾಗುತ್ತದೆ, ಬಿಟ್ಟರೆ ಸಿಕ್ಕಾಗುತ್ತದೆ. ಆ ಹದದಲ್ಲಿ ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಮೈ ತಿರುಚಿಕೊಂಡು ಬಿಚ್ಚಿಕೊಳ್ಳಬೇಕು. ಅದಾದ ಮೇಲೆ ಎಪ್ಪತ್ತಕ್ಕೂ ಹೆಚ್ಚು ಭಂಗಿಗಳ ಮೊದಲ ಸರಣಿ, ಅದರಲ್ಲಿ ಮತ್ತೆ ಮತ್ತೆ ಬರುವ ‘ವಜ್ರಪಾಲಕ ಒರಳು ಕುಟ್ಟುವುದು’ ಎಂಬ ಪಟ್ಟು: ಎಡ ಅಂಗೈಯೊಳಗೆ ಬಲ ಮುಷ್ಟಿ ಬೀಳುವ ಹೊತ್ತಿಗೆ ಬಲಗಾಲೂ ನೆಲಕ್ಕೆ ಬೀಳಬೇಕು. ಎರಡನೇ ಸರಣಿಯ ಹೆಸರು ‘ಫಿರಂಗಿ ಮುಷ್ಟಿ’, ಅದು ಪೂರಾ ನೆಗೆತ, ಸಿಡಿತ. ಕತ್ತಿ, ಈಟಿ, ಉದ್ದ ಹಿಡಿಯ ಭಾರದ ಖಡ್ಗ ಬೇರೆ. ನನಗೆ ಹಿಡಿಸಿದ್ದು ಮಾತ್ರ ಗಳ ಅದುರಿಸುವ ತಾಲೀಮು. ಮೂರು ಮೀಟರಿಗೂ ಉದ್ದದ, ಬಳುಕುವ ಮರದ ಗಳ. ಬುಡವನ್ನು ಸೊಂಟಕ್ಕೆ ಆನಿಸಿ ಮುಂದಕ್ಕೆ ಹೊಮ್ಮಿಸಬೇಕು. ಬಲ ತೋಳಿನದಾದರೆ ಗಳ ನಡುವಿನಲ್ಲಿ ಸೋಮಾರಿಯಾಗಿ ಬಾಗುತ್ತದೆ ಅಷ್ಟೆ. ಕಾಲಿನಿಂದ ಹೊರಟು ಸೊಂಟದಲ್ಲಿ ತಿರುಗಿದ ಬಲವಾದರೆ ತುದಿ ಝುಮ್ಮೆಂದು ನಡುಗುತ್ತದೆ. ಮಾಡಿದವನು ತನ್ನ ತಪ್ಪನ್ನು ತಾನೇ ಕಾಣಬಹುದು, ಗುರು ಬಾಯಿ ಬಿಡಬೇಕಿಲ್ಲ.

1980ರ ದಶಕದಲ್ಲಿ ಜಪಾನಿನವರು ಬಂದರು, ಆಮೇಲೆ ಯುರೋಪಿನವರು, ಅಮೆರಿಕದವರು. ಝು ಸಿಂಗಪುರದಲ್ಲಿ ಪಾಠ ಹೇಳಿದರು, ಶಿಯಾವೊವಾಂಗ್ ಆಸ್ಟ್ರೇಲಿಯಾ ಸೇರಿದರು, ಝೆಂಗ್‌ಲೈ ಝೆಂಗ್‌ಝೌನಲ್ಲಿ ನೆಲೆಸಿ 2019ರಲ್ಲಿ ತೀರಿಕೊಂಡರು. ಊರಲ್ಲಿ ದೊಡ್ಡ ಶಾಲೆಗಳೆದ್ದವು, ಚೀನಾದ ಮೂಲೆಮೂಲೆಯಿಂದ ಬಂದ ಮಕ್ಕಳು ಅಲ್ಲೇ ಉಂಡು ಮಲಗಿ ಕಲಿಯುತ್ತಾರೆ. ವಸ್ತುಸಂಗ್ರಹಾಲಯ ಬಂತು, ಪೂರ್ವಜರ ಗುಡಿ ದೊಡ್ಡದಾಯಿತು, ಹಳೆಯ ಕಾಲದಂತೆ ಕಾಣುವ ಹೊಸ ಗೋಡೆಗಳು ಬಂದವು. ಸರಣಿಯೊಂದನ್ನು ನಾಲ್ಕು ನಿಮಿಷಕ್ಕೆ ಕತ್ತರಿಸಿ, ಕಾಲನ್ನು ಇನ್ನಷ್ಟು ಎತ್ತರಕ್ಕೆ ಎತ್ತಿ ಪದಕ ಗೆಲ್ಲುವ ಸ್ಪರ್ಧೆಯ ತೈ ಚಿಯೂ ಬಂತು. ನೋಡಲು ಚೆಂದ. ಆದರೆ ತೀರ್ಪುಗಾರನ ಕಣ್ಣಿಗೆ ಕಾಣದ ಆ ಎರಡು ಬೆರಳಿನ ಇಳಿತಕ್ಕೆ ಅಂಕ ಕೊಡುವವರು ಯಾರು? ಹಸಿವು, ಕ್ರಾಂತಿ ಎರಡನ್ನೂ ದಾಟಿ ಬಂದ ವಿದ್ಯೆಗೆ ಚಪ್ಪಾಳೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನುಮಾನ.

2020ರ ಡಿಸೆಂಬರಿನಲ್ಲಿ ಯುನೆಸ್ಕೊ ತೈ ಚಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹದಿನೇಳನೇ ಶತಮಾನದ ನಡುವೆ ವೆನ್ ಕೌಂಟಿಯಲ್ಲಿ ಹುಟ್ಟಿದ್ದು ಎಂದು ಅದರ ವಿವರಣೆಯಲ್ಲಿದೆ. ಕೌಂಟಿಯ ಹೆಸರಿದೆ, ಹಳ್ಳಿಯದಿಲ್ಲ. ಇದರಿಂದ ನೆರೆಯ ಝಾವೊಬಾವೊ ಊರಿಗೂ ಸಮಾಧಾನ. ಅದೂ ವೆನ್ ಕೌಂಟಿಯದೇ, ಅಲ್ಲಿನವರು ತಮ್ಮ ಪರಂಪರೆ ಬೇರೆಯೇ ಮೂಲದ್ದು ಎಂದು ಚೆನ್‌ಗಳ ಜತೆ ತಲೆತಲಾಂತರದಿಂದ ತಕರಾರು ಮಾಡುತ್ತ ಬಂದಿದ್ದಾರೆ.

ಹೋಗುವವರು ವಸಂತದಲ್ಲೋ ಶರತ್ಕಾಲದಲ್ಲೋ ಹೋಗುವುದು ಒಳ್ಳೆಯದು. ಜುಲೈ–ಆಗಸ್ಟ್ ಸೆಕೆ, ಜನವರಿಯ ಚಳಿ ನಮ್ಮವರಿಗೆ ಆಗಿಬರುವುದಿಲ್ಲ. ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಸಾಕು. ಬೆಳಗ್ಗೆ ಬೇಗ ಎದ್ದು, ಪ್ರವಾಸಿ ಬಸ್ಸುಗಳು ಬರುವ ಮೊದಲೇ ಒಳ ಓಣಿಗಳಲ್ಲಿ ಓಡಾಡಿ. ತೆರೆದ ಬಾಗಿಲುಗಳ ಅಂಗಳದಲ್ಲಿ ತಾಲೀಮು ನಡೆಯುತ್ತಿರುತ್ತದೆ. ನಿಂತು ನೋಡಿದರೆ ಯಾರೂ ಬೈಯುವುದಿಲ್ಲ. ಕಲಿಯಬೇಕೆನ್ನುವವರನ್ನು ಶಾಲೆಗಳು ವಾರದ ಮಟ್ಟಿಗೂ ಸೇರಿಸಿಕೊಳ್ಳುತ್ತವೆ, ವಿದೇಶಿಯರೂ ಇರುತ್ತಾರೆ. ವಾರದಲ್ಲಿ ಕಾಲು ನೋವು ಬಿಟ್ಟು ಹೆಚ್ಚೇನನ್ನೂ ನಿರೀಕ್ಷಿಸಬೇಡಿ. ಶರತ್ಕಾಲದ ಕೊನೆಗೆ ಹೋದರೆ ಕಬ್ಬಿಣದ ಕೋಲಿನ ಗೆಣಸು ಹೊಸದಾಗಿ ಅಗೆದದ್ದು ಸಿಗುತ್ತದೆ. ಸಿಪ್ಪೆ ಸಮೇತ ಹಬೆಯಲ್ಲಿ ಬೇಯಿಸಿ ಕೊಡುತ್ತಾರೆ, ಉಪ್ಪೂ ಬೇಡ, ಖಾರವೂ ಬೇಡ.