ಬಣವೆಯೋ, ರಸಮೇವೋ?

ಹೊರನಾಡಿನಲ್ಲಿ ನೆಲಸಿದ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ದನಕರುಗಳುಂಟು. ಬೇಸಗೆ ಬಂತೆಂದರೆ ಮೇವಿಗೆ ಹಣ ಬೇಕೆಂದು ಅಣ್ಣತಮ್ಮಂದಿರು ಕೇಳುತ್ತಾರೆ. ಹಣ ಕಳಿಸುವ ಮುನ್ನ ನಾವೂ ಕೊಂಚ ಲೆಕ್ಕ ತಿಳಿದಿರುವುದು ಒಳ್ಳೆಯದು.

ಜೋಳದ ಕಣಿಕೆ, ರಾಗಿ ಹುಲ್ಲು, ಭತ್ತದ ಹುಲ್ಲು ಒಣಮೇವು. ನೂರು ಕಿಲೋದಲ್ಲಿ ನೀರು ಸುಮಾರು 10 ಕಿಲೋ. ಸೈಲೇಜ್ ಎಂಬ ರಸಮೇವು ಹಾಗಲ್ಲ. ಹಾಲುಗಾಳು ಗಟ್ಟಿಯಾಗುವ ಹೊತ್ತಿಗೆ ಮೆಕ್ಕೆಜೋಳವನ್ನು ಕೊಯ್ದು, ಕತ್ತರಿಸಿ, ಗುಂಡಿಯಲ್ಲಿ ತುಳಿದು, ಗಾಳಿಯಾಡದಂತೆ ಮುಚ್ಚಿದರೆ ಸುಮಾರು 45 ದಿನಕ್ಕೆ ಹದವಾಗುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಆದುದರಿಂದ ಕಿಲೋಗೆ ಕಿಲೋ ಬೆಲೆ ಹೋಲಿಸಕೂಡದು. ಒಂದು ಕಿಲೋ ಕಣಿಕೆಯ ಒಣತೂಕಕ್ಕೆ ಎರಡೂಮುಕ್ಕಾಲು ಕಿಲೋ ರಸಮೇವು ಬೇಕು.

ಸಾರದ ಮಾತು ಬೇರೆ. ನೀರು ಕಳೆದು ನೋಡಿದರೆ ಹುಲ್ಲಿನಲ್ಲಿ ಸಸಾರಜನಕ ನೂರಕ್ಕೆ 3–4, ಒಳ್ಳೆಯ ರಸಮೇವಿನಲ್ಲಿ 7–8. ಕಾಳಿನ ಬಲವೂ ಅದರಲ್ಲುಂಟು. ಆದರೆ ತೆರೆದ ಗುಂಡಿಯಿಂದ ದಿನವೂ ತೆಗೆಯಲೇಬೇಕು. ಬೂಷ್ಟು ಹಿಡಿದುದನ್ನು ಹಾಕಬಾರದು. ಒಂದೆರಡು ಹಸುವಿನ ಮನೆಗೆ ಗುಂಡಿಗಿಂತ ಸಣ್ಣ ಚೀಲಗಳೇ ಲೇಸು. ಮಳೆ ಸೋಕದಂತೆ ಒಟ್ಟಿದ ಬಣವೆಯಾದರೋ ವರ್ಷವಿಡೀ ಕೆಡದು.

ಎತ್ತಿಗೂ ಬತ್ತಿದ ಹಸುವಿಗೂ ಬಣವೆ. ಕರೆಯುವ ಹಸುವಿಗೆ ಹುಲ್ಲಿನೊಡನೆ ರಸಮೇವು. ಹೀಗೆ ಹಂಚಿಕೊಂಡರೆ, ಮೇವಿಲ್ಲವೆಂದು ಮನೆಯ ದನವನ್ನು ಸಂತೆಗೆ ಹೊಡೆಯುವ ಗತಿ ಬಾರದು.