ಧರ್ಮಾರ್ಥವಾಗಿ ದೊರೆಯುವ ದತ್ತಾಂಶಕೋಶಗಳು

ನಮ್ಮ ಊರಿನ ವಾಚನಾಲಯದಲ್ಲಿ ನಾಲ್ಕು ಸಾವಿರದ ಮೇಲೆ ಚಿಲ್ಲರೆ ಪುಸ್ತಕಗಳಿವೆ. ಇವುಗಳಲ್ಲಿ ಅರ್ಧಕ್ಕೆ ಹೆಚ್ಚಿನವು ಊರಿನ ಗೃಹಸ್ಥರು ತಮ್ಮ ತಮ್ಮ ಮನೆಗಳಿಂದ ತಂದು ಕೊಟ್ಟವು. ಕೆಲವು, ಓದುತ್ತಿದ್ದವರು ಕಾಲವಾದ ತರುವಾಯ ಅವರ ಮಕ್ಕಳು ಪೆಟ್ಟಿಗೆಯೊಡನೆ ತಂದಿಟ್ಟು ಹೋದವು. ಯಾವ ಪುಸ್ತಕವು ಯಾರಿಂದ ಬಂದಿತು, ಅದು ಈಗ ಯಾರ ಮನೆಯಲ್ಲಿದೆ, ಎಂಬೀ ಎರಡು ಸಂಗತಿಗಳನ್ನು ಬರೆದಿಡುವ ಕೆಲಸವು ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ನನ್ನ ಪಾಲಿಗೆ ಬಂದಿದೆ. ಮೊದಲು ಇದೆಲ್ಲವೂ ರಟ್ಟು ಕಟ್ಟಿದ ದಪ್ಪ ರಿಜಿಸ್ಟರುಗಳಲ್ಲಿತ್ತು. ಆಮೇಲೆ ಮಹನೀಯರೊಬ್ಬರು ಒಂದು ಕಂಪ್ಯೂಟರನ್ನು ದಾನಮಾಡಿದರು. ಅದನ್ನು ಹೂಡಿಕೊಡಲು ಬಂದ ತರುಣನು, ದೊಡ್ಡದೊಂದು ಕಂಪೆನಿಯು ಆಗ ಪುಕ್ಕಟೆಯಾಗಿ ಹಂಚುತ್ತಿದ್ದ ತಂತ್ರಾಂಶವನ್ನು ಅದರೊಳಗಿಟ್ಟು, “ಇನ್ನು ಮೇಲೆ ರಿಜಿಸ್ಟರಿನ ಅಗತ್ಯವೇ ಇಲ್ಲ ಸಾರ್” ಎಂದು ಹೇಳಿ ಹೊರಟುಹೋದನು. ಆತನ ಮಾತನ್ನು ನಾವು ನಂಬಿದೆವು.

೨೦೧೯ರಲ್ಲಿ ಆ ಯಂತ್ರದ ತಟ್ಟೆ ಕೆಟ್ಟಿತು. ಪ್ರತಿ ಶನಿವಾರವೂ ಒಂದು ಪ್ರತಿಯನ್ನು ಬೇರೆಯಾಗಿ ತೆಗೆದಿಡುವ ಅಭ್ಯಾಸವನ್ನು ನಾನು ಬಿಟ್ಟಿರಲಿಲ್ಲವಾದ ಕಾರಣ ಧೈರ್ಯದಿಂದಲೇ ಇದ್ದೆನು. ಹೊಸ ಯಂತ್ರ ಬಂದಿತು. ಅದೇ ಕಂಪೆನಿಯ ಅದೇ ಧರ್ಮಾರ್ಥ ತಂತ್ರಾಂಶದ ಹೊಸ ಆವೃತ್ತಿಯೂ ಬಂದಿತು. ಆದರೆ ಅದು ನಮ್ಮ ಹಳೆಯ ಪ್ರತಿಯನ್ನು ಓದಲೊಲ್ಲೆನೆಂದಿತು. ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನಿಗೆ ಫೋನು ಮಾಡಿ, “ಏನಪ್ಪಾ ಇದು? ಕೊಟ್ಟವರೂ ಅವರೇ, ತೆಗೆದುಕೊಂಡವರೂ ನಾವೇ, ಓದುವುದಿಲ್ಲವೆಂದರೇನು ಅರ್ಥ?” ಎಂದು ಕೇಳಿದೆನು. “ಮೇಷ್ಟ್ರೇ, ಅದು ಎರಡು ಮೂರು ತಲೆಮಾರು ಹಿಂದಿನದನ್ನು ಓದುತ್ತದೆ. ನಿಮ್ಮದು ಅದಕ್ಕೂ ಹಿಂದಿನದು. ನಡುವಣ ಆವೃತ್ತಿಯೊಂದು ಸಿಕ್ಕಬೇಕು” ಎಂದನು. ಮೋಡಿ ಅಕ್ಷರದ ಹಳೆಯ ಪತ್ರಗಳನ್ನು ಮನೆಯಲ್ಲಿಟ್ಟುಕೊಂಡಿರುವವರಿಗೆ ಈ ಸಂಕಟವು ತಿಳಿಯದ್ದಲ್ಲ. ಮೊಮ್ಮಕ್ಕಳಿಗೆ ಆ ಲಿಪಿ ಬಾರದು. ಎರಡನ್ನೂ ಬಲ್ಲ ನಡುವಣ ಮುದುಕರೊಬ್ಬರು ಬದುಕಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಕಡೆಗೆ ಶಿಷ್ಯನು ಎಲ್ಲಿಂದಲೋ ಒಂದು ಹಳೆಯ ಯಂತ್ರವನ್ನು ಹುಡುಕಿ, ಅದರಲ್ಲಿ ನಡುವಣ ಆವೃತ್ತಿಯನ್ನು ಹೂಡಿ, ನಮ್ಮ ಪ್ರತಿಯನ್ನು ಬಿಚ್ಚಿಸಿದನು. ಬಿಚ್ಚಿದರೆ ಒಳಗಿನ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಆ ಕಾಲದಲ್ಲಿ ನಾವು ಬೆರಳಚ್ಚು ಮಾಡಿದುದು ಯೂನಿಕೋಡಿನಲ್ಲಲ್ಲ, ಒಂದು ಅಕ್ಷರಮೊಗದ ಸ್ವಂತ ಸಂಕೇತದಲ್ಲಿ. ಅದನ್ನು ಪರಿವರ್ತಿಸಲು ಮತ್ತೆರಡು ವಾರಗಳಾದವು.

ಈ ಅವಸ್ಥೆಯ ದೆಸೆಯಿಂದ ನಾನು ಕಲಿಯಬೇಕಾಗಿ ಬಂದುದನ್ನು, ಮನೆಯ ಲೆಕ್ಕವನ್ನೋ ಸಂಘದ ಸದಸ್ಯರ ಪಟ್ಟಿಯನ್ನೋ ಕಂಪ್ಯೂಟರಿನಲ್ಲಿಡಬೇಕೆಂದಿರುವ ವಾಚಕರಿಗೆ ತಿಳಿಸುವುದು ಅನುಚಿತವಾಗಲಾರದು.

ಡೇಟಾಬೇಸ್ ಎಂದು ಕರೆಯಲ್ಪಡುವ ದತ್ತಾಂಶಕೋಶವು ಈಗಿನ ರೂಪಕ್ಕೆ ಬಂದುದು ಒಬ್ಬ ಗಣಿತಜ್ಞನಿಂದ. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಶಾಲೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಆಂಗ್ಲೇಯನು ೧೯೭೦ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ, ಸಮಸ್ತ ಮಾಹಿತಿಯನ್ನೂ ಅಡ್ಡಸಾಲು ಉದ್ದಸಾಲುಗಳ ಕೋಷ್ಟಕಗಳಲ್ಲಿಡಬಹುದೆಂದೂ, ಕೋಷ್ಟಕಕ್ಕೂ ಕೋಷ್ಟಕಕ್ಕೂ ಇರುವ ಸಂಬಂಧದಿಂದಲೇ ಬೇಕಾದ ಉತ್ತರವನ್ನು ಹೊರಡಿಸಬಹುದೆಂದೂ ತೋರಿಸಿದನು. ನಮ್ಮ ವಾಚನಾಲಯದಲ್ಲಾದರೆ ಪುಸ್ತಕಗಳದೊಂದು ಕೋಷ್ಟಕ, ಓದುಗರದೊಂದು, ಎರವಲಿನದೊಂದು. ಎರವಲಿನ ಸಾಲಿನಲ್ಲಿ ಪುಸ್ತಕದ ಹೆಸರನ್ನಾಗಲಿ ಓದುಗರ ವಿಳಾಸವನ್ನಾಗಲಿ ಮತ್ತೆ ಬರೆಯುವುದಿಲ್ಲ. ಬರಿಯ ಸಂಖ್ಯೆಗಳನ್ನು ಬರೆದರೆ ಸಾಕು. ಒಂದೆಡೆ ಹೇಳಿದುದನ್ನು ಇನ್ನೊಂದೆಡೆ ಹೇಳತಕ್ಕದ್ದಲ್ಲ ಎಂಬ ಈ ನಿಯಮವನ್ನು ಕೇಳಿದಾಗ, ಪಾಣಿನಿಯ ಸೂತ್ರಗಳಲ್ಲಿ ಹಿಂದಿನ ಸೂತ್ರದ ಪದವು ಮುಂದಿನವುಗಳಿಗೆ ತಾನಾಗಿ ಇಳಿದುಬರುವ ಅನುವೃತ್ತಿಯನ್ನು ಬಲ್ಲ ನನಗೆ ಹಳೆಯ ಸ್ನೇಹಿತನನ್ನು ಕಂಡಂತಾಯಿತು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಲಾಘವದಲ್ಲಿ ಪ್ರೀತಿಯಿರುವುದು ಮಾತ್ರ ಇಬ್ಬರಲ್ಲಿಯೂ ಸಮಾನ.

ಕಾಡನ ವಿಚಾರದಿಂದ ಬಹಳ ಹಣ ಮಾಡಿದವರು ಇತರರು. ಆರಕಲ್ ಎಂಬ ತಂತ್ರಾಂಶವು ೧೯೭೯ರಲ್ಲಿ ಮಾರಾಟಕ್ಕೆ ಬಂದಿತು. ಐಬಿಎಂ, ಮೈಕ್ರೋಸಾಫ್ಟ್ ಮುಂತಾದವರೂ ತಮ್ಮ ತಮ್ಮವನ್ನು ಮಾರಿದರು. ಹೀಗೆ ಮಾರುತ್ತಿದ್ದವರೇ ೨೦೦೫-೦೬ರಲ್ಲಿ, ಕೆಲವೇ ತಿಂಗಳುಗಳ ಅಂತರದಲ್ಲಿ, ಒಬ್ಬರ ಹಿಂದೊಬ್ಬರು ಸಣ್ಣ ಆವೃತ್ತಿಗಳನ್ನು ಪುಕ್ಕಟೆಯಾಗಿ ಹಂಚಲಾರಂಭಿಸಿದರು. ಇದು ಔದಾರ್ಯದಿಂದಾದುದಲ್ಲ. ಸ್ವೀಡನ್ನಿನಲ್ಲಿ ೧೯೯೫ರಲ್ಲಿ ಹುಟ್ಟಿದ ಮೈಎಸ್‌ಕ್ಯುಎಲ್ ಎಂಬುದೂ, ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ೧೯೮೬ರಿಂದ ಬೆಳೆದು ೧೯೯೬ರಲ್ಲಿ ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಹೆಸರನ್ನು ಪಡೆದ ಮತ್ತೊಂದೂ ಅಷ್ಟರಲ್ಲಿ ಕಾಸಿಲ್ಲದೆ ದೊರೆಯುತ್ತಿದ್ದವು. ಕಲಿಯುವ ಹುಡುಗರೆಲ್ಲರೂ ಅತ್ತ ತಿರುಗಿದರೆ ಮುಂದೆ ತಮ್ಮ ಅಂಗಡಿಗೆ ಬರುವವರಾರೆಂಬ ಚಿಂತೆಯು ದೊಡ್ಡ ವರ್ತಕರಿಗೆ ಹತ್ತಿರಬೇಕೆಂದು ನನ್ನ ಊಹೆ.

ಈ ಧರ್ಮಾರ್ಥ ಆವೃತ್ತಿಗಳಿಗೆಲ್ಲ ಒಂದೊಂದು ಎಲ್ಲೆಯುಂಟು. ಆರಕಲ್ಲಿನವರದೂ ಮೈಕ್ರೋಸಾಫ್ಟಿನವರದೂ ಮೊದಲು ೪ ಗಿಗಾಬೈಟಿನಷ್ಟು ಮಾಹಿತಿಗೆ ಕಟ್ಟುಬಿದ್ದಿದ್ದವು. ಯಂತ್ರದ ಸ್ಮೃತಿಯಲ್ಲಿ ೧ ಗಿಗಾಬೈಟಿಗಿಂತ ಹೆಚ್ಚಿನದನ್ನು ಮುಟ್ಟುತ್ತಿರಲಿಲ್ಲ. ಮುಂದೆ ಮೈಕ್ರೋಸಾಫ್ಟಿನದು ೨೦೧೦ರಲ್ಲಿ ೧೦ಕ್ಕೂ, ಆರಕಲ್ಲಿನದು ೨೦೧೧ರಲ್ಲಿ ೧೧ಕ್ಕೂ ೨೦೧೮ರಲ್ಲಿ ೧೨ಕ್ಕೂ ಏರಿದುವು. ಐಬಿಎಂನವರು ಮಾಹಿತಿಗೆ ಮಿತಿಯನ್ನಿಡದೆ ಯಂತ್ರದ ಬಲಕ್ಕೆ ಮಾತ್ರ ಮಿತಿಯನ್ನಿಟ್ಟರು. ಈ ಸಂಖ್ಯೆಗಳನ್ನು ಕೇಳಿ ಗೃಹಸ್ಥರು ಹೆದರಬೇಕಾದುದಿಲ್ಲ. ನಾನೇ ಒಂದು ಸಂಜೆ ಕುಳಿತು ಲೆಕ್ಕಹಾಕಿದೆನು. ಒಂದು ಪುಸ್ತಕದ ಹೆಸರು, ಕರ್ತೃ, ಪ್ರಕಾಶಕರು, ಕೊಟ್ಟವರು, ಎಲ್ಲ ಸೇರಿ ಸುಮಾರು ಮುನ್ನೂರು ಅಕ್ಷರಸಂಕೇತಗಳು. ವಾಡಿಕೆಯಲ್ಲಿರುವ ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು. ಎಂದರೆ ಪುಸ್ತಕವೊಂದಕ್ಕೆ ಒಂದು ಕಿಲೋಬೈಟಿನೊಳಗೆ. ನಮ್ಮ ಇಡೀ ವಾಚನಾಲಯಕ್ಕೆ ನಾಲ್ಕು ಮೆಗಾಬೈಟು! ಆ ಮೊದಲಿನ ಎಲ್ಲೆಯೊಳಗೇ ನಲವತ್ತು ಲಕ್ಷ ಪುಸ್ತಕಗಳ ವಿವರವು ಹಿಡಿಯುತ್ತಿತ್ತು. ಸೂಚಿ ಮುಂತಾದವುಗಳಿಗಾಗಿ ಅರ್ಧವನ್ನು ಬಿಟ್ಟರೂ ಇಪ್ಪತ್ತು ಲಕ್ಷ. ನಮ್ಮನ್ನು ಕಟ್ಟಿಹಾಕಿದುದು ಅಳತೆಯ ಎಲ್ಲೆಯಲ್ಲ.

ಹಾಗಾದರೆ ಯಾವುದು? ಇಲ್ಲಿ ದಾನವೆಂಬ ಮಾತಿನ ಅರ್ಥವನ್ನು ಸ್ವಲ್ಪ ವಿಚಾರಿಸಬೇಕು. ಕೊಡುವವನ ಸ್ವತ್ವವು ತೊಲಗಿ ತೆಗೆದುಕೊಳ್ಳುವವನ ಸ್ವತ್ವವು ಹುಟ್ಟಿದರೆ ಮಾತ್ರ ಅದು ದಾನವೆಂದು ನಮ್ಮ ಧರ್ಮಶಾಸ್ತ್ರಕಾರರು ನಿರ್ಣಯಿಸಿದ್ದಾರೆ. ಈ ಲಕ್ಷಣದಿಂದ ನೋಡಿದರೆ ಕಂಪೆನಿಗಳ ಪುಕ್ಕಟೆ ಆವೃತ್ತಿಯು ದಾನವಲ್ಲ, ಎರವಲು. ಒಳಗಿನ ರಚನೆಯನ್ನು ನಾವು ನೋಡಲಾರೆವು, ತಿದ್ದಲಾರೆವು. ಹಳೆಯದನ್ನು ಹೊಸದು ಓದುವಂತೆ ಮಾಡೆಂದು ಯಾರಿಗೂ ಕೂಲಿಕೊಟ್ಟು ಮಾಡಿಸಲಾರೆವು. ಮೈಎಸ್‌ಕ್ಯುಎಲ್ ಮೊದಲಾದ ಮುಕ್ತ ತಂತ್ರಾಂಶಗಳದು ಬೇರೆ ಬಗೆ. ಅಲ್ಲಿಯೂ ಕರ್ತೃವಿನ ಹಕ್ಕು ಉಳಿದೇ ಇರುತ್ತದೆ. ಆದರೆ ಮೂಲಪಾಠವು ಬಹಿರಂಗವಾಗಿದ್ದು, ಒಮ್ಮೆ ಕೊಟ್ಟ ಅನುಮತಿಯನ್ನು ಹಿಂದೆಗೆದುಕೊಳ್ಳುವಂತಿಲ್ಲ. ಇದರ ಬೆಲೆಯು ಆಪತ್ಕಾಲದಲ್ಲಿ ತಿಳಿಯಿತು. ಮೈಎಸ್‌ಕ್ಯುಎಲ್ಲನ್ನು ೨೦೦೮ರಲ್ಲಿ ಸನ್ ಎಂಬ ಸಂಸ್ಥೆಯು ನೂರು ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ೨೦೧೦ರಲ್ಲಿ ಸನ್ನನ್ನೇ ಆರಕಲ್ ಕೊಂಡಿತು. ಪುಕ್ಕಟೆಯ ಕೋಶವು ಹೀಗೆ ಅದರ ಪ್ರತಿಸ್ಪರ್ಧಿಯ ಕೈಗೇ ಸೇರಿತು. ಮೂಲಕರ್ತರಲ್ಲೊಬ್ಬನಾದ ಮೈಕೇಲ್ ವಿಡೇನಿಯಸ್ ಎಂಬಾತನು, ಇದು ಹೀಗಾಗುವುದನ್ನು ನಿರೀಕ್ಷಿಸಿ, ೨೦೦೯ರಲ್ಲಿಯೇ ಮೂಲಪಾಠದ ಒಂದು ಶಾಖೆಯನ್ನು ತೆಗೆದುಕೊಂಡು ಬೇರೆ ಸಂಸಾರ ಹೂಡಿದನು. ಮೊದಲಿನದಕ್ಕೆ ತನ್ನ ಹಿರಿಯ ಮಗಳಾದ ಮೈಯ ಹೆಸರನ್ನಿಟ್ಟಿದ್ದನು. ಎರಡನೆಯದಕ್ಕೆ ಕಿರಿಯಳಾದ ಮಾರಿಯಾಳ ಹೆಸರನ್ನಿಟ್ಟು ಮಾರಿಯಾಡಿಬಿ ಎಂದು ಕರೆದನು.

ಶಾಸ್ತ್ರೋಕ್ತವಾದ ದಾನವೂ ಒಂದುಂಟೆಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು. ರಿಚರ್ಡ್ ಹಿಪ್ ಎಂಬ ಅಮೆರಿಕನ್ ವಿದ್ವಾಂಸನು ೨೦೦೦ದಲ್ಲಿ ಎಸ್‌ಕ್ಯುಲೈಟ್ ಎಂಬುದನ್ನು ರಚಿಸಿ, ಅದರ ಮೇಲಿನ ಸ್ವತ್ವವನ್ನು ಪೂರ್ತಿಯಾಗಿ ತ್ಯಜಿಸಿ ಲೋಕಕ್ಕೆ ಬಿಟ್ಟನು. ಅದರಲ್ಲಿ ಇಡೀ ಕೋಶವು ಒಂದೇ ಒಂದು ಕಡತ. ಆ ಕಡತವನ್ನು ವಿಂಡೋಸಿನಿಂದ ಲಿನಕ್ಸಿಗೂ ಅಲ್ಲಿಂದ ಮ್ಯಾಕಿಗೂ ಹಾಗೆಯೇ ಒಯ್ಯಬಹುದು. ೨೦೫೦ರವರೆಗೆ ಇದನ್ನು ಕಾಪಾಡಿಕೊಂಡು ಬರುವ ಸಂಕಲ್ಪವನ್ನು ಅದರ ಕರ್ತರು ಪ್ರಕಟಿಸಿದ್ದಾರೆ. ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಯು ದತ್ತಾಂಶವನ್ನು ಬಹುಕಾಲ ಕಾದಿಡಲು ಯೋಗ್ಯವಾದ ರೂಪಗಳಲ್ಲಿ ಇದನ್ನೂ ಸೇರಿಸಿದೆ. ವಾಚಕರ ಕಿಸೆಯಲ್ಲಿರುವ ಮೊಬೈಲಿನಲ್ಲಿಯೂ ಇದೇ ಕೆಲಸಮಾಡುತ್ತಿದೆ. ಒಮ್ಮೆಗೆ ಒಬ್ಬರೇ ಬರೆಯಬಹುದೆಂಬುದೊಂದೇ ಇದರ ಮುಖ್ಯವಾದ ಕೊರತೆ. ಮನೆಯ ಲೆಕ್ಕ ಬರೆಯುವವರು ಒಬ್ಬರೇ ಆಗಿರುವುದರಿಂದ ಸಂಸಾರಸ್ಥರಿಗೆ ಇದು ಕೊರತೆಯೇ ಅಲ್ಲ. ನನ್ನ ಮನೆಯ ಲೆಕ್ಕವು ಈಗ ಇದರಲ್ಲಿದೆ.

ಇನ್ನು ಆಪರೇಟಿಂಗ್ ಸಿಸ್ಟಂ. ತಂತ್ರಾಂಶಗಳೆಲ್ಲ ಯಾವುದರ ಮೇಲೆ ನಿಲ್ಲುವುವೋ ಅದನ್ನು ನಾನು ಅಧಿಷ್ಠಾನವೆಂದು ಕರೆಯುತ್ತೇನೆ, ಶಿಷ್ಯನು ನಗುತ್ತಾನೆ. ಹಸುವನ್ನು ಧರ್ಮಕ್ಕೆ ಕೊಟ್ಟು ಕೊಟ್ಟಿಗೆಗೆ ಬಾಡಿಗೆ ಕೇಳಿದರೆ ಹೇಗೋ ಹಾಗೆ, ಮೈಕ್ರೋಸಾಫ್ಟಿನ ಧರ್ಮಾರ್ಥ ಕೋಶವು ೨೦೧೭ರವರೆಗೆ ವಿಂಡೋಸಿನ ಮೇಲಲ್ಲದೆ ಬೇರೆಲ್ಲಿಯೂ ನಿಲ್ಲುತ್ತಿರಲಿಲ್ಲ. ವಿಂಡೋಸಿಗಾದರೋ ಹಣ ಕೊಡಬೇಕು. ಆರಕಲ್, ಐಬಿಎಂಗಳವು ವಿಂಡೋಸ್ ಲಿನಕ್ಸ್ ಎರಡರ ಮೇಲೆಯೂ ನಿಲ್ಲುತ್ತಿದ್ದವು. ಪೋಸ್ಟ್‌ಗ್ರೆಸ್‌ಕ್ಯುಎಲ್ ೨೦೦೫ರಿಂದ ವಿಂಡೋಸಿಗೂ ನೇರವಾಗಿ ಒಗ್ಗಿತು. ಅಧಿಷ್ಠಾನಕ್ಕೂ ಆಯುಷ್ಯವುಂಟೆಂಬುದನ್ನು ಮರೆಯಬಾರದು: ವಿಂಡೋಸ್ ಎಕ್ಸ್‌ಪಿಯ ರಕ್ಷಣೆಯು ೨೦೧೪ರ ಏಪ್ರಿಲಿನಲ್ಲಿ ನಿಂತಿತು, ವಿಂಡೋಸ್ ೧೦ರ ಸಾಮಾನ್ಯ ರಕ್ಷಣೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು.

ಹೀಗೆಂದು ಲಿನಕ್ಸಿನವರೆಲ್ಲ ಸತ್ಯಹರಿಶ್ಚಂದ್ರರೆಂದು ತಿಳಿಯತಕ್ಕದ್ದಲ್ಲ. ಸೆಂಟ್‌ಓಎಸ್ ಎಂಬ ಪುಕ್ಕಟೆಯ ಲಿನಕ್ಸು ಬಹು ಜನಪ್ರಿಯವಾಗಿತ್ತು. ಅದರ ಎಂಟನೆಯ ಆವೃತ್ತಿಯನ್ನು ೨೦೨೯ರವರೆಗೆ ನಡೆಸುವುದಾಗಿ ಹೇಳಿದ್ದರೂ, ೨೦೨೦ರ ಡಿಸೆಂಬರಿನಲ್ಲಿ ಆ ಮಾತನ್ನು ಬದಲಾಯಿಸಿ, ೨೦೨೧ರ ಕಡೆಗೇ ಅದನ್ನು ಮುಗಿಸಿಬಿಟ್ಟರು. ಆದರೆ ಮೂಲಪಾಠವು ಬಯಲಿನಲ್ಲಿದ್ದುದರಿಂದ ಆಲ್ಮಾ, ರಾಕಿ ಎಂಬ ಎರಡು ಬದಲಿ ಲಿನಕ್ಸುಗಳು ೨೦೨೧ರಲ್ಲಿಯೇ ಎದ್ದುನಿಂತವು. ಬೀಳುವುದು ಎರಡು ಕಡೆಯಲ್ಲಿಯೂ ಉಂಟು. ಏಳುವುದಕ್ಕೆ ಅವಕಾಶವು ಒಂದು ಕಡೆಯಲ್ಲಿ ಹೆಚ್ಚು.

ನಮ್ಮ ಸಮಿತಿಯಲ್ಲಿ ಇದರ ಮೇಲೆ ನಡೆದ ಚರ್ಚೆಯು ಹುರುಡಿಲ್ಲದುದೇನೂ ಆಗಿರಲಿಲ್ಲ. “ವಿಂಡೋಸ್ ಕೆಟ್ಟರೆ ಬಸ್ ನಿಲ್ದಾಣದ ಬಳಿಯ ಅಂಗಡಿಯ ಹುಡುಗ ಬಂದು ಸರಿಮಾಡುತ್ತಾನೆ, ಲಿನಕ್ಸ್ ಕೆಟ್ಟರೆ ಈ ತಾಲ್ಲೂಕಿನಲ್ಲಿ ಯಾರಿದ್ದಾರೆ ತೋರಿಸಿ ಮೇಷ್ಟ್ರೆ” ಎಂದು ಖಜಾಂಚಿಗಳು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಮತ್ತು ಆ ಪ್ರಶ್ನೆಯು ನ್ಯಾಯವಾದುದು. ಅಧಿಷ್ಠಾನದ ಗುಣಕ್ಕಿಂತಲೂ ಅದನ್ನು ಬಲ್ಲವರ ಸಾಮೀಪ್ಯವು ದೊಡ್ಡದೆಂದು ನಾನು ಈಗಲೂ ಒಪ್ಪುತ್ತೇನೆ. ದಾರಿಯನ್ನು ತೋರಿಸಿದವನು ಶಿಷ್ಯನೇ. “ಅಧಿಷ್ಠಾನವನ್ನು ಮೊದಲು ಆರಿಸಬೇಡಿ ಮೇಷ್ಟ್ರೇ. ನಿಮಗೆ ಆಗಬೇಕಾದ ಕೆಲಸಕ್ಕೆ ಯಾವ ತಂತ್ರಾಂಶವೆಂದು ಮೊದಲು ನೋಡಿ, ಅದು ಯಾವ ಕೋಶವನ್ನು ಕೇಳುತ್ತದೆಂದು ಆಮೇಲೆ, ನೆಲದ ಮಾತು ಕಡೆಗೆ” ಎಂದನು.

ಪುಸ್ತಕಾಲಯಗಳಿಗೆಂದೇ ಕೋಹಾ ಎಂಬ ಮುಕ್ತ ತಂತ್ರಾಂಶವಿದೆ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಸಣ್ಣ ಪ್ರಾಂತದ ಪುಸ್ತಕಾಲಯದವರು, ತಮ್ಮ ಹಳೆಯ ವ್ಯವಸ್ಥೆಯು ೨೦೦೦ದ ಇಸವಿಯನ್ನು ದಾಟಲಾರದೆಂದು ತಿಳಿದು, ೧೯೯೯ರಲ್ಲಿ ಕಟಿಪೋ ಎಂಬ ಸಂಸ್ಥೆಯಿಂದ ಇದನ್ನು ಬರೆಯಿಸಿ, ೨೦೦೦ದ ಜನವರಿಯಲ್ಲಿ ಬಳಕೆಗೆ ತಂದು, ಬಳಿಕ ಲೋಕಕ್ಕೆಲ್ಲ ಬಿಟ್ಟುಕೊಟ್ಟರು. ಕೋಹಾ ಎಂದರೆ ಅಲ್ಲಿಯ ಮಾವೋರಿ ಜನರ ಭಾಷೆಯಲ್ಲಿ ಉಡುಗೊರೆ. ಅತಿಥಿಯಾಗಿ ಹೋದವರು ಆತಿಥೇಯರಿಗೆ ಒಪ್ಪಿಸುವ ಕಾಣಿಕೆ. ಇದು ಮಾರಿಯಾಡಿಬಿಯ ಮೇಲೆಯೂ, ಅದು ಡೆಬಿಯನ್ ಎಂಬ ಲಿನಕ್ಸಿನ ಮೇಲೆಯೂ ನಿಲ್ಲುತ್ತದೆ. ಬಳಸುವವರು ಮಾತ್ರ ಯಾವ ಯಂತ್ರದಿಂದಲಾದರೂ ಬ್ರೌಸರಿನ ಮೂಲಕ ಬಳಸಬಹುದು. ಆದುದರಿಂದ ಮೂಲೆಯಲ್ಲಿ ಒಂದು ಯಂತ್ರವು ಡೆಬಿಯನ್ನಿನಲ್ಲಿ ಸದ್ದಿಲ್ಲದೆ ನಡೆಯುತ್ತಿದೆ. ಮೇಜಿನ ಮೇಲಿನದು ವಿಂಡೋಸಿನಲ್ಲಿಯೇ ಇದೆ. ಮೇಜಿನದು ಕೆಟ್ಟರೆ ಅಂಗಡಿಯ ಹುಡುಗ, ಮೂಲೆಯದು ಕೆಟ್ಟರೆ ಬೆಂಗಳೂರಿನ ಶಿಷ್ಯ. ಖಜಾಂಚಿಗಳಿಗೆ ಸಮಾಧಾನವಾಯಿತು. ಪ್ರತಿ ರಾತ್ರಿಯೂ ಕೋಶದ ಪ್ರತಿಯೊಂದು ತಾನಾಗಿ ತೆಗೆಯಲ್ಪಡುತ್ತದೆ. ಅದಲ್ಲದೆ ತಿಂಗಳಿಗೊಮ್ಮೆ ಎಲ್ಲ ಕೋಷ್ಟಕಗಳನ್ನೂ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಬರಹವಾಗಿ ತೆಗೆದು ಪೆನ್‌ಡ್ರೈವಿನಲ್ಲಿಡುತ್ತೇನೆ. ಅದನ್ನು ಓದಲು ಯಾವ ಕಂಪೆನಿಯ ದಯೆಯೂ ಬೇಡ. ರಟ್ಟಿನ ರಿಜಿಸ್ಟರನ್ನೂ ಮತ್ತೆ ಬರೆಯಲಾರಂಭಿಸಿದ್ದೇನೆ.

೨೦೧೯ರ ಆ ಶನಿವಾರದ ಪ್ರತಿಗೂ ತಟ್ಟೆ ಕೆಟ್ಟ ಗುರುವಾರಕ್ಕೂ ನಡುವೆ ಎರವಲು ಹೋದ ಪುಸ್ತಕಗಳ ಲೆಕ್ಕವು ಮಾತ್ರ ಯಾವ ಉಪಾಯದಿಂದಲೂ ದೊರೆಯಲಿಲ್ಲ. ಕಪಾಟುಗಳನ್ನು ಪಟ್ಟಿಯೊಡನೆ ಹೋಲಿಸಿ ನೋಡಿದಾಗ ಹತ್ತೊಂಬತ್ತು ಪುಸ್ತಕಗಳು ಯಾರ ಹೆಸರಿನಲ್ಲಿಯೂ ಇರದೆ ಕಾಣೆಯಾಗಿದ್ದವು. ಬಾಗಿಲಿನಲ್ಲಿ ಚೀಟಿ ಅಂಟಿಸಿದ ಮೇಲೆ ಹನ್ನೊಂದು ಹಿಂದಿರುಗಿದವು. ಉಳಿದ ಎಂಟರಲ್ಲಿ ಒಂದು ಅಮರಕೋಶ. ಅದನ್ನು ಕೊಟ್ಟವರು ಪ್ರತಿ ಪುಟದ ಅಂಚಿನಲ್ಲಿಯೂ ಸೀಸದ ಕಡ್ಡಿಯಿಂದ ಕನ್ನಡದ ಅರ್ಥಗಳನ್ನು ಬರೆದಿದ್ದರು. ಅವರ ಮಗಳು ಪ್ರತಿ ವರ್ಷವೂ ರಜೆಗೆ ಬಂದಾಗ ವಾಚನಾಲಯಕ್ಕೆ ಬಂದು ಅದನ್ನು ಕೇಳುತ್ತಾರೆ.