ಒಂದು ಮುಳ್ಳು, ಒಂದೇ ಮಗ್ಗುಲು: ಹಳೆಯ ಜಾಝ್ ಪ್ಲೇಟು ನುಡಿಸುವ ಬಗೆ

ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲೋ ಹಲಸೂರಿನ ಹಳೆಯ ಮನೆಯೊಂದರ ಅಟ್ಟದಲ್ಲೋ ಗ್ರಾಮಫೋನ್ ಪ್ಲೇಟು ಸಿಕ್ಕರೆ ಅದರ ಮೇಲೆ ಫಾಕ್ಸ್‌ಟ್ರಾಟ್ ಎಂಬ ಕುಣಿತದ ಹೆಸರು ಬರೆದಿದ್ದರೆ ಅಚ್ಚರಿಯಿಲ್ಲ. ಈ ಬಡಾವಣೆಗಳಿರುವ, 1809ರಲ್ಲಿ ಶುರುವಾದ ದಂಡು ಪ್ರದೇಶ 1949ರವರೆಗೂ ಪೇಟೆಯಿಂದ ಬೇರೆಯದೇ ಆಡಳಿತದಲ್ಲಿತ್ತು. ಇಲ್ಲಿನ ಕ್ಲಬ್ಬುಗಳ, ಆಂಗ್ಲೋ-ಇಂಡಿಯನ್ ಮನೆಗಳ ಕುಣಿತಕ್ಕೆ ಬೇಕಾಗಿದ್ದುದು ಇಂಥ ಜಾಝ್ ಸಂಗೀತ. ಕೆ.ಆರ್. ಪುರದ ಆಚೆಗಿನ ವೈಟ್‌ಫೀಲ್ಡ್ ಕೂಡ 1882ರಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆಯಾಗಿ ಹುಟ್ಟಿದ ಊರು.

ಇಂಥ ಪ್ಲೇಟು ಹಾಳಾಗುವುದು ಸಾಮಾನ್ಯವಾಗಿ ಮುಳ್ಳಿನಿಂದ. ಪ್ಲೇಟಿನ ಗೀರು ಎಡಕ್ಕೂ ಬಲಕ್ಕೂ ಸಣ್ಣಗೆ ಓಲಾಡುತ್ತ ಸಾಗುತ್ತದೆ. ಅದರಲ್ಲಿ ಕೂತ ಉಕ್ಕಿನ ಮುಳ್ಳು ಆ ಓಲಾಟವನ್ನು ಸೌಂಡ್ ಬಾಕ್ಸಿನೊಳಗಿನ ತೆಳುವಾದ ಅಭ್ರಕದ ಅಥವಾ ಅಲ್ಯೂಮಿನಿಯಂ ಹಾಳೆಗೆ ಮುಟ್ಟಿಸುತ್ತದೆ. ಹಾಳೆ ಅದುರಿ ಗಾಳಿಯನ್ನು ನಡುಗಿಸುತ್ತದೆ, ಕಹಳೆ ಆ ಸದ್ದನ್ನು ಕೋಣೆಗೆ ಹರಡುತ್ತದೆ. ಕರೆಂಟಿಲ್ಲ, ಆಂಪ್ಲಿಫೈಯರ್ ಇಲ್ಲ. ಕೋಣೆ ತುಂಬುವ ಅಷ್ಟೂ ಸದ್ದಿಗೆ ಬೇಕಾದ ಬಲ ಕೀಲಿ ಕೊಟ್ಟ ಸ್ಪ್ರಿಂಗಿನಿಂದ ಪ್ಲೇಟಿಗೆ, ಪ್ಲೇಟಿನಿಂದ ಮುಳ್ಳಿಗೆ ದಾಟಿಬರಬೇಕು. ಅದಕ್ಕೇ ಸೌಂಡ್ ಬಾಕ್ಸ್ ಅಷ್ಟು ಭಾರ. ಗೀರಿನ ಮೇಲೆ 100 ಗ್ರಾಂಗೂ ಮಿಕ್ಕ ತೂಕ ಕೂರುತ್ತದೆ. ಇಂದಿನ ಟರ್ನ್‌ಟೇಬಲ್ ಮುಳ್ಳು ಗೀರಿನ ಮೇಲೆ ಹಾಕುವ ತೂಕ ಎರಡು ಗ್ರಾಂ ಆಸುಪಾಸು.

ಇಷ್ಟು ಭಾರವನ್ನು ತಾಳಲೆಂದೇ ಪ್ಲೇಟಿನ ಅರಗಿಗೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಮೊದಲ ಕೆಲವು ಸುತ್ತುಗಳಲ್ಲೇ ಆ ಪುಡಿ ಮುಳ್ಳಿನ ತುದಿಯನ್ನು ಸವೆಸಿ ಗೀರಿನ ಆಕಾರಕ್ಕೆ ತರುತ್ತದೆ. ಅಂದರೆ ಸವೆಯಬೇಕಾದದ್ದು ಪ್ಲೇಟಲ್ಲ, ಮುಳ್ಳು. ಒಂದು ಮಗ್ಗುಲಿನ ಮೂರು ನಿಮಿಷ ಕಳೆಯುವಷ್ಟರಲ್ಲಿ ತುದಿಗೆ ಉಳಿಯಂತೆ ಚೂಪಾದ ಅಂಚು ಬಂದಿರುತ್ತದೆ. ಅದನ್ನೇ ಇನ್ನೊಂದು ಪ್ಲೇಟಿಗೆ ಇಟ್ಟರೆ ಗೀರಿನ ಗೋಡೆಯನ್ನು ಕೆತ್ತುತ್ತದೆ. ಹಾಗಾಗಿ ಒಂದು ಮಗ್ಗುಲಿಗೆ ಒಂದು ಮುಳ್ಳು, ಮುಗಿದ ಕೂಡಲೇ ತಿರುಪು ಸಡಿಲಿಸಿ ಬಿಸಾಡಬೇಕು. ಹೊಸ ಉಕ್ಕಿನ ಮುಳ್ಳು ಈಗಲೂ ತಯಾರಾಗುತ್ತದೆ, ಬೆಲೆಯೂ ಹೆಚ್ಚಲ್ಲ. ಮನೆಯೊಳಗೆ ಕೇಳಲು ಸಣ್ಣ ಸದ್ದಿನ ತೆಳು ಮುಳ್ಳೇ ಸಾಕು.

ಇನ್ನು ಜಾಝ್‌ನ ಮಾತು. ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್ 1917ರ ಫೆಬ್ರವರಿಯಲ್ಲಿ ವಿಕ್ಟರ್ ಕಂಪನಿಗೆ ನುಡಿಸಿದ್ದನ್ನು ಮೊದಲ ಜಾಝ್ ಪ್ಲೇಟು ಎನ್ನುತ್ತಾರೆ. ಆಗ ಮೈಕ್ ಬಳಕೆಯಲ್ಲಿರಲಿಲ್ಲ. ವಾದಕರು ದೊಡ್ಡ ಕಹಳೆಯೊಂದರ ಬಾಯಿಗೆ ನುಡಿಸುತ್ತಿದ್ದರು, ಅದರ ಇನ್ನೊಂದು ತುದಿಯ ಮುಳ್ಳು ಮೇಣದಲ್ಲಿ ಗೀರು ಕೊರೆಯುತ್ತಿತ್ತು. ಕೇಳಿಸುವಾಗ ಗ್ರಾಮಫೋನ್ ಮಾಡುವುದು ಇದೇ ಕೆಲಸವನ್ನು ತಿರುವುಮುರುವಾಗಿ. ದೊಡ್ಡ ಡ್ರಮ್ಮಿನ ಹೊಡೆತಕ್ಕೆ ಕೊರೆಯುವ ಮುಳ್ಳು ಎಗರಿಬಿಡುತ್ತಿತ್ತು. ಹಾಗಾಗಿ 1923ರಲ್ಲಿ ಕಿಂಗ್ ಆಲಿವರ್ ತಂಡ ಗೆನೆಟ್ ಕಂಪನಿಗೆ ನುಡಿಸಿದಾಗ ಬೇಬಿ ಡಾಡ್ಸ್‌ನ ಡ್ರಮ್ಮುಗಳಿಗಿಂತ ಮರದ ತುಂಡಿನ ಟಕಟಕವೇ ಕಿವಿಗೆ ಬೀಳುತ್ತದೆ. ಅದೇ ತಂಡದಲ್ಲಿದ್ದ ಲೂಯಿ ಆರ್ಮ್‌ಸ್ಟ್ರಾಂಗ್‌ನ ಕಾರ್ನೆಟ್ ಸದ್ದು ಮಿಕ್ಕವರನ್ನು ಮುಳುಗಿಸೀತೆಂದು ಅವನನ್ನು ದೂರ ನಿಲ್ಲಿಸಿದ್ದರೆಂಬ ಕತೆ ಪ್ರಸಿದ್ಧ. 1925ರಲ್ಲಿ ಮೈಕಿನ ರೆಕಾರ್ಡಿಂಗ್ ಬಂತು. 1928ರ 'ವೆಸ್ಟ್ ಎಂಡ್ ಬ್ಲೂಸ್' ಕೇಳಿದರೆ ಅವನ ತುತ್ತೂರಿ ಎದುರಿಗೇ ನಿಂತಂತಿದೆ. ಮೈಕಿಗೆ ಮುಂಚಿನ ಪ್ಲೇಟುಗಳನ್ನು ಗ್ರಾಮಫೋನಿನಲ್ಲೇ ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಹಳೆಯಲ್ಲಿ ಹೋದದ್ದು ಕಹಳೆಯಲ್ಲೇ ಸರಿಯಾಗಿ ಬರುತ್ತದೆ.

ಯಂತ್ರ ಕೊಳ್ಳುವವರು ಎಚ್‌ಎಂವಿ ಕಂಪನಿಯ ನಾಯಿ ಚಿತ್ರ ಅಂಟಿಸಿದ, ಥಳಥಳಿಸುವ ಹಿತ್ತಾಳೆ ಕಹಳೆಗೆ ಮರುಳಾಗಬೇಡಿ. ಅವುಗಳಲ್ಲಿ ಬಹುಪಾಲು ಇತ್ತೀಚೆಗೆ ಅಲಂಕಾರಕ್ಕೆ ಜೋಡಿಸಿದವು. ಸೂಟ್‌ಕೇಸಿನಂತಿರುವ ಎಚ್‌ಎಂವಿ 102, 1931ರಲ್ಲಿ ಬಂದ ಮಾದರಿ, ನೋಡಲು ಸಾದಾ, ಕೇಳಲು ಎಷ್ಟೋ ಮೇಲು. ಪ್ರತಿ ಮಗ್ಗುಲಿಗೂ ಮುಂಚೆ ಕೀಲಿ ಕೊಡಿ, ಬಿಗಿಯಾದ ಮೇಲೆ ಒತ್ತಾಯಿಸಬೇಡಿ. ಪ್ಲೇಟಿನ ಅಂಚಿಗೆ ಕಾಗದದ ಚೂರು ಸಿಕ್ಕಿಸಿ, ಮುಳ್ಳು ಗೀರಿನಲ್ಲಿರುವಾಗಲೇ ಸುತ್ತು ಎಣಿಸಿ: ನಿಮಿಷಕ್ಕೆ 78 ಬಂದರೆ ವೇಗ ಸರಿ.

ಪ್ಲೇಟನ್ನು ಸ್ಪಿರಿಟ್ ಹಚ್ಚಿ ಒರೆಸಬಾರದು, ಅರಗು ಅದರಲ್ಲಿ ಕರಗುತ್ತದೆ. ಲೇಬಲ್ ನೆನೆಯದಂತೆ ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸಿ. ಬಿಸಿಲು ಬೀಳದ ಕಡೆ ನೇರವಾಗಿ ನಿಲ್ಲಿಸಿಡಿ. ಮಳೆಗಾಲದಲ್ಲಿ ಬೂಷ್ಟು ಬರದಂತೆ ಕಾಗದದ ಕವರು ಬದಲಿಸಿ. ಎಲ್‌ಪಿ ರೆಕಾರ್ಡನ್ನು ಗ್ರಾಮಫೋನಿಗೆ ಹಾಕಿದರೆ ಒಂದೇ ಸಲಕ್ಕೆ ಮುಗಿಯಿತು.

ಅಪರೂಪದ ಅಥವಾ ಬಿರುಕುಬಿಟ್ಟ ಪ್ಲೇಟನ್ನು ಮಾತ್ರ ಗ್ರಾಮಫೋನಿಗೆ ಕೊಡಬೇಡಿ. 78ಕ್ಕೆಂದೇ ಇರುವ ಅಗಲ ತುದಿಯ ಮುಳ್ಳನ್ನು ಟರ್ನ್‌ಟೇಬಲ್ಲಿಗೆ ಹಾಕಿ, ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮನೆಯ ಅಟ್ಟದಲ್ಲಿ ಪ್ಲೇಟುಗಳಿದ್ದರೆ ಗುಜರಿಗೆ ಹಾಕುವ ಮುನ್ನ ಲೇಬಲ್ ಓದಿ, ವಾದಕರ ಹೆಸರನ್ನೂ ಪ್ಲೇಟಿನ ನಂಬರನ್ನೂ ಬರೆದಿಡಿ.